ಸೊಳ್ಳೆ ಓಡಿಸುವ ಗಿಡಗಳ ಸೆಟ್: ಐದು ತಿಂಗಳು ಬೆಳೆಸಿ ನೋಡಿದ್ದೇನೆ

ಮಗಳಿಗೆ ಎರಡು ವರ್ಷ. ಅವಳು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆಯ ಲಿಕ್ವಿಡ್ ಹಾಕಿಡಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಈ ಐದು ಗಿಡಗಳ ಸೆಟ್ ತರಿಸಿದೆ: ಸಿಟ್ರೊನೆಲ್ಲಾ, ನಿಂಬೆಹುಲ್ಲು, ಚೆಂಡುಹೂ, ರೋಸ್‌ಮೇರಿ, ತುಳಸಿ. ಬಾಲ್ಕನಿಯಲ್ಲಿ ಇಟ್ಟರೆ ಸಾಕು, ಸೊಳ್ಳೆ ಹತ್ತಿರ ಸುಳಿಯುವುದಿಲ್ಲ ಎಂದು ಬರೆದಿದ್ದರು.

ಪ್ಯಾಕಿಂಗ್ ಚೆನ್ನಾಗಿತ್ತು, ಒಂದು ಎಲೆಯೂ ಮುರಿದಿರಲಿಲ್ಲ. ರೋಸ್‌ಮೇರಿ ಮಾತ್ರ ಮೂರೇ ವಾರಕ್ಕೆ ಹೋಯಿತು. ಅದಕ್ಕೆ ನೀರು ಬಸಿದುಹೋಗುವ ಸಡಿಲ ಮಣ್ಣು ಬೇಕು, ಇವರು ಹಾಕಿದ್ದು ಬರೀ ತೆಂಗಿನ ನಾರಿನ ಪುಡಿ.

ಸಿಟ್ರೊನೆಲ್ಲಾ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಈ ಸೆಟ್ ಕೊಳ್ಳುವುದೇ ಅದರ ಹೆಸರು ನೋಡಿ. ಬಂದದ್ದು ಜೆರೇನಿಯಂ ಬಳಗದ ಗಿಡ. ಎಲೆಗೆ ನಿಂಬೆಯ ವಾಸನೆ ಇದೆ, ನಿಜ. ಆದರೆ ಮುಲಾಮು, ಮೇಣದಬತ್ತಿಗಳಿಗೆ ಹಾಕುವ ಸಿಟ್ರೊನೆಲ್ಲಾ ಎಣ್ಣೆ ಬರುವುದು ನಿಂಬೆಹುಲ್ಲಿನ ಹತ್ತಿರದ ಸಂಬಂಧಿಯಾದ ಒಂದು ಹುಲ್ಲಿನಿಂದ, ಇದರಿಂದಲ್ಲ. ಒಂದು ಸಂಜೆ ಅದರ ಎಲೆಯ ಮೇಲೆಯೇ ಸೊಳ್ಳೆ ಆರಾಮವಾಗಿ ಕೂತಿದ್ದನ್ನು ನೋಡಿ ಹುಡುಕಿ ಓದಿದೆ. ಇದೇ ಗಿಡವನ್ನು ಡೆಂಗಿ ಸೊಳ್ಳೆಯ ಬಳಗವಾದ ಈಡಿಸ್ ಸೊಳ್ಳೆಗಳಿರುವ ಕಡೆ ಇಟ್ಟು ಮಾಡಿದ ಪರೀಕ್ಷೆಯೊಂದು 1996ರಲ್ಲೇ ಪ್ರಕಟವಾಗಿದೆ. ಗಿಡ ಇದ್ದರೂ ಇಲ್ಲದಿದ್ದರೂ ಸೊಳ್ಳೆಕಾಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಎಣ್ಣೆ ಇರುವುದು ಎಲೆಯೊಳಗೆ. ಕಿವುಚಿದರೆ ತಾನೇ ಹೊರಗೆ ಬರುವುದು? ಗಿಡ ಸುಮ್ಮನೆ ನಿಂತಿದ್ದರೆ ನಮ್ಮ ಉಸಿರು, ಮೈಬಿಸಿ, ಬೆವರಿನ ಜಾಡು ಹಿಡಿದು ಬರುವ ಸೊಳ್ಳೆಯನ್ನು ತಡೆಯಲಾಗದು. ನಿಂಬೆಹುಲ್ಲನ್ನು ಜಜ್ಜಿ ನನ್ನ ಕೈಗೆ ತಿಕ್ಕಿಕೊಂಡಾಗ ಸುಮಾರು ಅರ್ಧ ಗಂಟೆ ಕಚ್ಚಲಿಲ್ಲ, ಆಮೇಲೆ ಮತ್ತೆ ಶುರು. ಮಗಳಿಗೆ ಹಚ್ಚಲಿಲ್ಲ. ಹಸಿ ರಸಕ್ಕೆ ಎಳೆ ಚರ್ಮ ಉರಿಯಬಹುದು.

ಇಷ್ಟಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಎರಡನೇ ತಿಂಗಳಿಂದ ಮನೆಯಲ್ಲಿ ಸೊಳ್ಳೆ ಹೆಚ್ಚಾದವು, ಅದೂ ಹಗಲು ಹೊತ್ತಿನಲ್ಲಿ ಕಚ್ಚುವ, ಕಾಲಿಗೆ ಬಿಳಿ ಪಟ್ಟೆಯಿರುವ ಸೊಳ್ಳೆ. ಚೆಂಡುಹೂವಿನ ಕುಂಡ ಎತ್ತಿ ನೋಡಿದೆ. ಕೆಳಗಿನ ತಟ್ಟೆಯಲ್ಲಿ ಒಂದು ಬೆರಳಿನಷ್ಟೂ ಆಳವಿಲ್ಲದ ನೀರು. ಅದರ ತುಂಬ ಕೂದಲೆಳೆಯಂಥ ಮರಿಗಳು, ತಲೆಕೆಳಗಾಗಿ ನೇತಾಡುತ್ತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲವೂ ಕೊಂಕುತ್ತಾ ತಳಕ್ಕಿಳಿದವು. ಮಗಳು ದಿನಾ ಕೂತು ಆಡುವ ಜಾಗ ಅದು. ಕೈಕಾಲು ತಣ್ಣಗಾಯಿತು.

ಸೆಟ್‌ನ ಜೊತೆ ಬಂದ ಕಾರ್ಡಿನಲ್ಲಿ "ತಟ್ಟೆಯಲ್ಲಿ ಸದಾ ಸ್ವಲ್ಪ ನೀರಿರಲಿ" ಎಂದಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದೇ ಇಂಥ ನಿಂತ ನೀರಿನ ಅಂಚಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಸಾಕು. ನೀರು ಚೆಲ್ಲಿಬಿಟ್ಟರೂ ಮುಗಿಯಲಿಲ್ಲ: ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಬ್ರಷ್ ಹಾಕಿ ತಿಕ್ಕಲೇಬೇಕು. ಕಾರ್ಡಿನ ಆ ಸಾಲು ತೆಗೆಯಿರಿ ಎಂದು ಮಾರಿದವರಿಗೆ ಎರಡು ಸಲ ಬರೆದೆ. ಉತ್ತರವಿಲ್ಲ.

ಈಗ ತಟ್ಟೆಗಳಿಗೆ ಅಂಚಿನವರೆಗೆ ಮರಳು ತುಂಬಿದ್ದೇನೆ. ಕಿಟಕಿಗೆ ಜಾಲರಿ, ಮಗಳ ಹಾಸಿಗೆಗೆ ಪರದೆ, ಬಾಲ್ಕನಿಯಲ್ಲಿ ಕೂತಾಗ ಕಾಲ ಬಳಿ ಟೇಬಲ್ ಫ್ಯಾನ್. ಗಾಳಿಗೆದುರು ಸೊಳ್ಳೆ ಹಾರಲಾರದು, ಐದು ಗಿಡಗಳು ಮಾಡದ ಕೆಲಸವನ್ನು ಅದೊಂದೇ ಮಾಡುತ್ತಿದೆ.

ಉಳಿದ ಗಿಡಗಳು ಸೊಂಪಾಗಿವೆ, ತುಳಸಿ ಹೂವಿಗೆ ಜೇನು ಬರುತ್ತದೆ, ಅವನ್ನು ಕಿತ್ತೆಸೆಯುವುದಿಲ್ಲ. ಗಿಡಗಳ ಆರೋಗ್ಯಕ್ಕೆ, ಪ್ಯಾಕಿಂಗ್‌ಗೆ ಸೇರಿ 5ಕ್ಕೆ 2 ಕೊಡುತ್ತೇನೆ. ಈ ಸೆಟ್ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಇವತ್ತೇ ಒಂದೊಂದೂ ಕುಂಡ ಎತ್ತಿ ತಟ್ಟೆ ನೋಡಿ.