ಎರಡು ಕಾರ್ಡ್ ಇದ್ದೂ ಕೈಯಿಂದ ಹೋದದ್ದು 88,000: ಮಲೆನಾಡಿನವರು ಓದಿಟ್ಟುಕೊಳ್ಳಿ

ಆಷಾಢದ ಮಳೆಗೆ ಅಂಗಳ ಪಾಚಿಗಟ್ಟಿತ್ತು. ಬೆಳಿಗ್ಗೆ ಕೊಟ್ಟಿಗೆಗೆ ಹೊರಟ 64 ವರ್ಷದ ತಾಯಿ ಜಾರಿಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡರು. ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ಬೆಳೆಗಾರರ ಮನೆ. ಬಿಪಿಎಲ್ ಕಾರ್ಡಿನ ಮೇಲೆ ಮಾಡಿಸಿದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇತ್ತು, ಮಗ ನಾಲ್ಕು ವರ್ಷದಿಂದ ಕಂತು ಕಟ್ಟುತ್ತಿದ್ದ 3 ಲಕ್ಷದ ಖಾಸಗಿ ಆರೋಗ್ಯ ವಿಮೆಯೂ ಇತ್ತು. ಆದರೂ ಅವರ ಕೈಯಿಂದ ಹೋದದ್ದು 88,000 ರೂಪಾಯಿ. ಹೆಸರು, ಊರು, ಆಸ್ಪತ್ರೆ ಇಲ್ಲಿ ಬೇಡ. ಲೆಕ್ಕ ಮಾತ್ರ ಬೇಕು. ಸಾಗರ, ಹೊಸನಗರ, ಸೊರಬದ ಮನೆಗಳಲ್ಲೂ ಲೆಕ್ಕ ತಪ್ಪುವುದು ಇದೇ ಜಾಗಗಳಲ್ಲಿ.

ಮೊದಲ ಪೆಟ್ಟು ದಾರಿಯಲ್ಲೇ ಬಿತ್ತು. ತಾಲ್ಲೂಕು ಆಸ್ಪತ್ರೆಯನ್ನೂ ನೋಡದೆ, ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೂ ಹೋಗದೆ, ಕಾರು ಮಾಡಿಕೊಂಡು ಆಗುಂಬೆ ಘಾಟಿ ಇಳಿದು ಕರಾವಳಿಯ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಸರ್ಕಾರಿ ಕಾರ್ಡ್ ತೋರಿಸಿದಾಗ ಕೌಂಟರಿನಲ್ಲಿ ಕೇಳಿದ್ದು ರೆಫರಲ್ ಚೀಟಿ. ಈ ಯೋಜನೆಯ ಮೂಲ ನಿಯಮವೇ ಅದು: ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆ ಚಿಕಿತ್ಸೆ ಸಾಧ್ಯವಿಲ್ಲ ಎಂದಾದರೆ ಅಲ್ಲಿನ ವೈದ್ಯರು ಬರೆದುಕೊಟ್ಟ ರೆಫರಲ್ ಹಿಡಿದು ಯೋಜನೆಯಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆ. ತುರ್ತು ಚಿಕಿತ್ಸೆಯ ಪಟ್ಟಿಯಲ್ಲಿರುವುದಕ್ಕೆ ಮಾತ್ರ ಚೀಟಿ ಬೇಡ. ಮನೆಯವರ ಕಣ್ಣಿಗೆ ತುರ್ತಾಗಿ ಕಂಡದ್ದೆಲ್ಲ ಆ ಪಟ್ಟಿಯಲ್ಲಿರುವುದಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದೇ ಇಲ್ಲ: ಇಲ್ಲಿ ಮೊದಲು ದುಡ್ಡು ಕಟ್ಟಿ, ಆಮೇಲೆ ಬಿಲ್ ಕೊಟ್ಟು ವಾಪಸು ಪಡೆಯುವ ಪದ್ಧತಿ ಇಲ್ಲ. ಸೇರುವಾಗ ತಪ್ಪಿದರೆ ತಪ್ಪಿದ ಹಾಗೆಯೇ.

108ಕ್ಕೆ ಫೋನ್ ಮಾಡಿದ್ದರೆ ಕಾರಿನ ಬಾಡಿಗೆಯೂ ಉಳಿಯುತ್ತಿತ್ತು, ಸರ್ಕಾರಿ ಆಸ್ಪತ್ರೆಯ ದಾಖಲೆಯೂ ಸಿಗುತ್ತಿತ್ತು.

ಸರಿ, ಖಾಸಗಿ ವಿಮೆ ಇದೆಯಲ್ಲ ಎಂದುಕೊಂಡರು. ಬಿದ್ದು ಆದ ಗಾಯಕ್ಕೆ ಕಾಯುವ ಅವಧಿ (ಪಾಲಿಸಿ ಮಾಡಿದ ಮೇಲೆ ಕ್ಲೇಮಿಗೆ ಕಾಯಬೇಕಾದ ಕಾಲ) ಇಲ್ಲ, ಆ ಮಟ್ಟಿಗೆ ಅವರ ಲೆಕ್ಕ ಸರಿಯೇ ಇತ್ತು. ಆದರೆ ದಾಖಲಾತಿಯ ಹೊತ್ತಿಗೆ ಡ್ಯೂಟಿ ಡಾಕ್ಟರು "ಬಿಪಿ ಎಷ್ಟು ವರ್ಷದಿಂದ?" ಎಂದು ಕೇಳಿದರು. ಜೊತೆಗಿದ್ದ ಸಂಬಂಧಿಕರು "ಎಂಟು ಹತ್ತು ವರ್ಷ ಆಗಿರಬೇಕು" ಎಂದರು. ಕೇಸ್ ಶೀಟಿನಲ್ಲಿ ಹತ್ತು ವರ್ಷ ಎಂದೇ ದಾಖಲಾಯಿತು. ನಾಲ್ಕು ವರ್ಷದ ಹಿಂದೆ ಏಜೆಂಟ್ ತುಂಬಿದ ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ಪಾಲಿಸಿಯ ಅರ್ಜಿಯಲ್ಲಿ, ಬಿಪಿಯ ಮುಂದೆ "ಇಲ್ಲ" ಎಂದಿತ್ತು. ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ) ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಬರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಹೇಳಿದೆ. ಉತ್ತರ ಬಂತು, ನಿರಾಕರಣೆಯಾಗಿ. ಮೂಳೆ ಮುರಿತಕ್ಕೂ ಬಿಪಿಗೂ ಸಂಬಂಧವಿಲ್ಲ ಎಂಬ ವಾದ ನ್ಯಾಯವಾದದ್ದೇ. ಆದರೆ ಮಾಹಿತಿ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಬಂದರೆ ಕಂಪನಿ ಪಾಲಿಸಿಯನ್ನೇ ಪ್ರಶ್ನಿಸಬಹುದು. 60 ತಿಂಗಳು ಬಿಡದೆ ನವೀಕರಿಸಿದ್ದರೆ, ವಂಚನೆ ಸಾಬೀತಾದ ಹೊರತು, ಹಾಗೆ ಪ್ರಶ್ನಿಸುವಂತಿಲ್ಲ. ಇವರದ್ದು ಇನ್ನೂ ನಾಲ್ಕನೇ ವರ್ಷ.

ಸುಳ್ಳು ಹೇಳಿ ಎಂದಲ್ಲ. ಅಂದಾಜು ಹೇಳಬೇಡಿ. ಮಾತ್ರೆ ಶುರುವಾದ ತಿಂಗಳು, ವರ್ಷ ಇರುವ ಮೊದಲ ಚೀಟಿಯನ್ನು ಜೋಪಾನ ಮಾಡಿ, ಅದನ್ನೇ ಡಾಕ್ಟರಿಗೆ ತೋರಿಸಿ. ಫಾರ್ಮನ್ನು ಏಜೆಂಟ್ ಕೈಗೆ ಬಿಡದೆ ನೀವೇ ಓದಿ ತುಂಬಿ. ಪಾಲಿಸಿ ಕೈಸೇರಿದ ಮೇಲೆ 30 ದಿನ ಹಿಂದಿರುಗಿಸುವ ಅವಕಾಶವಿದೆ. ಅದರೊಳಗಿರುವ ಪ್ರಪೋಸಲ್ ಪ್ರತಿಯನ್ನು ಆಗಲೇ ನೋಡಿ. ಮುಂಚಿನ ಕಾಯಿಲೆ ಬರೆದರೆ ಕಂತು ಸ್ವಲ್ಪ ಏರಬಹುದು, ಹೆಚ್ಚೆಂದರೆ 36 ತಿಂಗಳು ಆ ಕಾಯಿಲೆಗೆ ಕಾಯಬೇಕು. ಬರೆಯದಿದ್ದರೆ ಇಡೀ ಪಾಲಿಸಿಯೇ ಕೈತಪ್ಪಬಹುದು.

ಕ್ಯಾಶ್‌ಲೆಸ್ ಸಿಗದ ಆ ಮನೆಯವರು ಪೂರ್ತಿ ದುಡ್ಡು ಮೊದಲು ಕೈಯಿಂದಲೇ ಕಟ್ಟಿ, ಹಳೆಯ ಚೀಟಿಗಳನ್ನು ಹುಡುಕಿ ತೆಗೆದು ಬಿಪಿ ಶುರುವಾದದ್ದು ಪಾಲಿಸಿ ಮಾಡಿದ ಮೇಲೆಯೇ ಎಂದು ತೋರಿಸಿ, ಆಮೇಲೆ ಮರುಪಾವತಿ ಪಡೆದರು. ಬಿಲ್ ಹೀಗಿತ್ತು. ಕೋಣೆ ಬಾಡಿಗೆ ದಿನಕ್ಕೆ 6,000ದಂತೆ ನಾಲ್ಕು ದಿನ, 24,000. ಶಸ್ತ್ರಚಿಕಿತ್ಸಕರು, ಅರಿವಳಿಕೆ, ಆಪರೇಷನ್ ಥಿಯೇಟರ್, ಶುಶ್ರೂಷೆ ಸೇರಿ 96,000. ಕೃತಕ ಕೀಲು, ಔಷಧಿ, ಎಕ್ಸ್‌ರೇ, ರಕ್ತಪರೀಕ್ಷೆ 1,00,000. ಕೈಗವಸು, ಡೈಪರ್, ದಾಖಲಾತಿ ಶುಲ್ಕದಂಥವು 12,000. ಒಟ್ಟು 2,32,000.

ಪಾಲಿಸಿಯ ಒಂದು ಸಾಲು ಇಲ್ಲಿ ಕಚ್ಚಿತು: ಕೋಣೆ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1ರ ಮಿತಿಯಲ್ಲಿ. 3 ಲಕ್ಷಕ್ಕೆ ಅದು 3,000. ಹೆಚ್ಚಿನ ಬಾಡಿಗೆ ನಾವೇ ಕೊಟ್ಟರಾಯಿತು ಎಂದು ಬಹುತೇಕರು ತಿಳಿದಿದ್ದಾರೆ. ಹಾಗಲ್ಲ. ಮಿತಿಯ ಎರಡರಷ್ಟು ಬಾಡಿಗೆಯ ಕೋಣೆ ಹಿಡಿದರೆ ಡಾಕ್ಟರ್ ಫೀಸು, ಥಿಯೇಟರ್, ಶುಶ್ರೂಷೆಯ ಬಾಬ್ತೂ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಬಹಳಷ್ಟು ಆಸ್ಪತ್ರೆಗಳಲ್ಲಿ ಆ ಶುಲ್ಕಗಳೂ ಕೋಣೆಯ ದರ್ಜೆಗೆ ತಕ್ಕಂತೆ ಏರುತ್ತವೆ. ಔಷಧಿ, ಪರೀಕ್ಷೆ, ಕೃತಕ ಕೀಲಿಗೆ ಮಾತ್ರ ಈ ಕಡಿತ ತಟ್ಟುವಂತಿಲ್ಲ. ಅಲ್ಲೂ ಕತ್ತರಿಸಿದ್ದರೆ ಜಗಳ ಮಾಡಿ. ಹೀಗಾಗಿ ಸಿಕ್ಕಿದ್ದು 12,000 + 48,000 + 1,00,000. ಸಣ್ಣ ಸಾಮಾನಿನ 12,000 ಲೆಕ್ಕಕ್ಕೇ ಬರಲಿಲ್ಲ. ಉಳಿದ 1,60,000ದಲ್ಲಿ, 60 ತುಂಬಿದ ಮೇಲೆ ಸೇರಿದ್ದಕ್ಕೆ ಶೇ. 10ರ ಸಹಪಾವತಿ (ನಾವೇ ಭರಿಸಬೇಕಾದ ಪಾಲು), 16,000 ಕಡಿತ. ಕೈಗೆ ಬಂದದ್ದು 1,44,000.

ವರ್ಷಕ್ಕೆ 21,000ದಂತೆ ನಾಲ್ಕು ವರ್ಷ ಕಟ್ಟಿದ ಕಂತು 84,000. ಅದನ್ನೂ ಕೂಡಿಸಿದರೆ ಈ ಮನೆಯ ಖರ್ಚು 1,72,000. ಇದರಿಂದ ವಿಮೆಯೇ ದಂಡ ಎಂದು ಯಾರೂ ತೀರ್ಮಾನಿಸಬಾರದು. 3,000ದೊಳಗಿನ ಕೋಣೆ ಹಿಡಿದಿದ್ದರೆ ಕೋಣೆಯ ಹೆಚ್ಚುವರಿಯೂ ಇಲ್ಲ, ಆ 48,000ದ ಕಡಿತವೂ ಇಲ್ಲ. ಸೇರುವ ಮುಂಚೆ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆ) ಕೌಂಟರಿನಲ್ಲಿ "ನಮ್ಮ ಪಾಲಿಸಿಗೆ ಎಷ್ಟು ಬಾಡಿಗೆಯವರೆಗೆ ಕಡಿತವಿಲ್ಲ?" ಎಂದು ಕೇಳಿ, ಉತ್ತರ ಬರೆಸಿಕೊಳ್ಳಿ. ಮರುಪಾವತಿಗೆ ಅಸಲು ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಕೃತಕ ಕೀಲಿನ ಇನ್ವಾಯ್ಸ್ ಮತ್ತು ಅದರ ಪೊಟ್ಟಣದ ಸ್ಟಿಕ್ಕರ್ ಬೇಕು. ಸ್ಟಿಕ್ಕರ್ ಕೇಳುವುದನ್ನೇ ಮರೆಯುತ್ತಾರೆ, ಆಮೇಲೆ ಅಲೆದಾಟ.

ಸರ್ಕಾರಿ ದಾರಿಯ ಖರ್ಚನ್ನೂ ನೇರವಾಗಿ ಹೇಳಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪ್ಯಾಕೇಜಿನ (ಸರ್ಕಾರ ದರ ನಿಗದಿ ಮಾಡಿದ ಪಟ್ಟಿಯ) ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಈ 5 ಲಕ್ಷ ಮನೆಮಂದಿಗೆಲ್ಲ ಸೇರಿ, ತಲೆಗೆ ಐದಲ್ಲ. ಜನರಲ್ ವಾರ್ಡ್ ಮಾತ್ರ. ಆದರೆ ಥಿಯೇಟರ್ ಸರದಿಗೆ ಕಾಯಬೇಕಾದೀತು. ಜೊತೆಗಿರುವವರ ಊಟ, ಬಸ್ಸು, ಕೂಲಿ ನಷ್ಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಆಷಾಢ ಶ್ರಾವಣದಲ್ಲಿ ಮೈಲುತುತ್ತದ ಸಿಂಪಡಣೆಯ ಒಂದು ಸುತ್ತು ತಪ್ಪಿ ಅಡಿಕೆ ತೋಟಕ್ಕೆ ಕೊಳೆರೋಗ ಹೊಡೆದರೆ ಆ ನಷ್ಟ ಆಸ್ಪತ್ರೆ ಬಿಲ್ಲಿಗಿಂತ ದೊಡ್ಡದಾಗಬಹುದು. ಅದನ್ನೂ ಎಣಿಸಿಯೇ ನಿರ್ಧರಿಸಿ.

ಎಪಿಎಲ್‌ನವರೇ, ನಿಮಗೆ ಬೇರೆ ಎಚ್ಚರಿಕೆ. ನಿಮಗೆ ಸಿಗುವುದು ಶೇ. 30, ಅದೂ ಸರ್ಕಾರದ ಪ್ಯಾಕೇಜ್ ದರದ ಮೇಲೆ, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದ ಮಿತಿಯಲ್ಲಿ. ಪ್ಯಾಕೇಜ್ 80,000 ಎಂದಿಟ್ಟುಕೊಂಡರೆ ಸರ್ಕಾರದ ಪಾಲು 24,000, ನಿಮ್ಮದು 56,000. ಈ ಕಾರ್ಡ್ ನಂಬಿ ಖಾಸಗಿ ವಿಮೆ ಕೈಬಿಡುವುದು ಅಪಾಯ. ಸಹಕಾರ ಸಂಘದ ಸದಸ್ಯರಾಗಿದ್ದರೆ ಸಹಕಾರಿಗಳ ಆರೋಗ್ಯ ಯೋಜನೆಯಾದ ಯಶಸ್ವಿನಿ ನೋಡಿ. 2018ರಲ್ಲಿ ನಿಂತದ್ದು 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಹೊಸದಾಗಿ ಶುರುವಾದಾಗಿನ ದರ ಗ್ರಾಮೀಣ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಮೇಲೆ ಪ್ರತಿಯೊಬ್ಬರಿಗೆ 100, ಮಿತಿ 5 ಲಕ್ಷ. ನೋಂದಣಿ ವರ್ಷಕ್ಕೊಮ್ಮೆ ತೆರೆದು ಮುಚ್ಚುತ್ತದೆ; ಕೊನೆಯ ದಿನವನ್ನು ಸೊಸೈಟಿ ಕಾರ್ಯದರ್ಶಿಯವರಲ್ಲೇ ಕೇಳಿ. ಬೇರೆ ವಿಮೆ ಇದ್ದರೆ ಅರ್ಹತೆ ಇದೆಯೇ ಎಂಬುದನ್ನೂ ಆಗಲೇ ವಿಚಾರಿಸಿ.

ನಮ್ಮ ಸಣ್ಣ ಪೇಟೆಗಳಿಗೇ ಅಂಟಿದ ಇನ್ನೊಂದು ತೊಡಕಿದೆ. 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ, ಸ್ಥಳೀಯ ಆಡಳಿತದಲ್ಲಿ ನೋಂದಣಿ ಇಲ್ಲದಿದ್ದರೆ, ಕನಿಷ್ಠ 10 ಹಾಸಿಗೆ, ಹಗಲುರಾತ್ರಿ ಅರ್ಹ ನರ್ಸ್ ಮತ್ತು ವೈದ್ಯರು ಇದ್ದರಷ್ಟೇ ಖಾಸಗಿ ವಿಮೆಯ ಲೆಕ್ಕದಲ್ಲಿ ಅದು ಆಸ್ಪತ್ರೆ. ಡಾಕ್ಟರು ಎಷ್ಟೇ ಒಳ್ಳೆಯವರಿರಲಿ, ಆರು ಹಾಸಿಗೆಯ ನರ್ಸಿಂಗ್ ಹೋಮಿನ ನೋಂದಣಿ ಸಂಖ್ಯೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜ್ವರಕ್ಕೆ ಡ್ರಿಪ್ ಹಾಕಿಸಿಕೊಂಡು 24 ಗಂಟೆಯೊಳಗೆ ಮನೆಗೆ ಬಂದರೆ, ಡೇ ಕೇರ್ (ಒಂದೇ ದಿನದಲ್ಲಿ ಮುಗಿಯುವ) ಪಟ್ಟಿಯ ಚಿಕಿತ್ಸೆ ಅಲ್ಲದಿದ್ದರೆ, ಆಸ್ಪತ್ರೆ ವಾಸದ ಕ್ಲೇಮು ನಿಲ್ಲುವುದಿಲ್ಲ.

ಕಂತಿನ ವಿಷಯಕ್ಕೆ ಒಂದೇ ಮಾತು: ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಏಜೆಂಟ್ ತೋರಿಸುವ ಪಟ್ಟಿಯಲ್ಲಿ ಶೇ. 18 ಸೇರಿದ್ದರೆ ಅದು ಹಳೆಯ ಪಟ್ಟಿ.

ಕ್ಲೇಮು ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ, ಫೋನಿನ ಮಾತು ಸಾಲದು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ದೂರಿನ ಜೊತೆ ಪಾಲಿಸಿ, ತಿರಸ್ಕಾರ ಪತ್ರ, ಕೇಸ್ ಶೀಟಿನ ಪ್ರತಿ ಮತ್ತು ಮಾತ್ರೆ ಬರೆದ ಆ ಮೊದಲ ಚೀಟಿ ಇರಲಿ.