10 ಕಿಲೋ, 13 ಕಿಲೋ, 6 ಕಿಲೋ: ಡ್ರಮ್ಸ್ ಪಕ್ಕದಲ್ಲಿ ಮೂರು ಬೇಸ್ ಕಾಂಬೊಗಳು

ನಾನು ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಅದರ ಸದ್ದನ್ನು ಜೋರು ಮಾಡುವ ನನ್ನ ಹಳೆಯ ಬೇಸ್ ಆಂಪ್‌ನಲ್ಲಿ 15 ಇಂಚಿನ ಸ್ಪೀಕರ್ ಇತ್ತು. ತೂಕ 30 ಕಿಲೋ ದಾಟುತ್ತಿತ್ತು. ಸದ್ದಿನ ಬಗ್ಗೆ ಎರಡು ಮಾತಿಲ್ಲ, ಬಹಳ ಚೆನ್ನಾಗಿತ್ತು. ಆದರೆ ನಾವು ಪ್ರಾಕ್ಟೀಸ್ ಮಾಡುವ ಕೋಣೆ ಎರಡನೇ ಮಹಡಿಯಲ್ಲಿದೆ. ಬೆನ್ನಿಗೆ ಗಿಟಾರ್, ಕೈಯಲ್ಲಿ ಆಂಪ್. ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಬೆರಳುಗಳು ನಡುಗುತ್ತಿದ್ದವು. ಮೊದಲ ಎರಡು ಹಾಡಿಗೆ ಕೈ ಹಿಡಿತಕ್ಕೇ ಬರುತ್ತಿರಲಿಲ್ಲ. ಸೊಂಟ ನೋವು ಶುರುವಾದ ಮೇಲೆ ಹಗುರವಾದ ಕಾಂಬೊ, ಅಂದರೆ ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು, ಹುಡುಕಲು ಹೊರಟೆ.

ಕೊನೆಗೆ ಮೂರನ್ನು ಚೆನ್ನಾಗಿ ಬಳಸಿ ನೋಡಿದೆ. ಫೆಂಡರ್ ರಂಬಲ್ 100, ಮಾರ್ಕ್‌ಬಾಸ್ ಸಿಎಂಡಿ 121ಪಿ, ಫಿಲ್ ಜೋನ್ಸ್ ಡಬಲ್ ಫೋರ್. ಒಂದೊಂದನ್ನೂ ಕೆಲವು ವಾರ ಇಟ್ಟುಕೊಂಡಿದ್ದೆ. ಬೇಸ್ ಅದೇ, ಕೋಣೆ ಅದೇ, ಡ್ರಮ್ಮರ್ ಕೂಡ ಅವರೇ. ಇದು ಮುಖ್ಯ. ಏಕೆಂದರೆ ಒಬ್ಬರೇ ಕುಳಿತು ನುಡಿಸಿದರೆ ಯಾವ ಆಂಪ್ ಆದರೂ ಚೆನ್ನಾಗಿಯೇ ಕೇಳುತ್ತದೆ. ಡ್ರಮ್ಸ್ ಮತ್ತು ಎರಡು ಗಿಟಾರ್ ಸೇರಿದಾಗ ನಾನು ನುಡಿಸುವ ಸ್ವರ ನನಗೇ ಕೇಳುತ್ತದಾ? ನಾನು ಹುಡುಕುತ್ತಿದ್ದದ್ದು ಅದಕ್ಕೆ ಉತ್ತರ.

ರಂಬಲ್ 100 ಮೊದಲು ಬಂತು. 12 ಇಂಚಿನ ಒಂದು ಸ್ಪೀಕರ್, 100 ವ್ಯಾಟ್, ತೂಕ ಸುಮಾರು 10 ಕಿಲೋ. ಒಂದೇ ಕೈಯಲ್ಲಿ ಎತ್ತಿಕೊಂಡು, ನಿಲ್ಲದೆ ಎರಡು ಮಹಡಿ ಹತ್ತಿದೆ. ಆ ದಿನದ ಖುಷಿ ಇನ್ನೂ ನೆನಪಿದೆ. ಸದ್ದು ಬೆಚ್ಚಗಿದೆ, ದುಂಡಗಿದೆ. ಸದ್ದಿನ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ನಾಲ್ಕು ಈಕ್ಯು ನಾಬ್‌ಗಳಿವೆ: ಬೇಸ್, ಲೋ ಮಿಡ್, ಹೈ ಮಿಡ್, ಟ್ರೆಬಲ್. ಜೊತೆಗೆ ಬ್ರೈಟ್, ಕಾಂಟೂರ್, ವಿಂಟೇಜ್ ಎಂಬ ಮೂರು ಬಟನ್‌ಗಳು. ಸದ್ದನ್ನು ಬೇಕೆಂದೇ ಸ್ವಲ್ಪ ಒರಟು ಮಾಡುವ ಓವರ್‌ಡ್ರೈವ್ ಕೂಡ ಒಳಗೇ ಇದೆ. ಅದನ್ನು ಸ್ವಲ್ಪವೇ ಬೆರೆಸಿದಾಗ ಸ್ವರಕ್ಕೆ ಒಂದು ಗರಗರ ಬರುತ್ತದೆ, ಗಿಟಾರ್‌ಗಳ ನಡುವೆ ಅದು ತುಂಬಾ ಸಹಾಯ ಮಾಡುತ್ತದೆ. ನನಗೆ ಇಷ್ಟವಾದದ್ದು ವಿಂಟೇಜ್ ಬಟನ್. ಅದನ್ನು ಒತ್ತಿದರೆ ಸದ್ದು ಹಳೆಯ ಟ್ಯೂಬ್ ಆಂಪ್‌ಗಳ ಕಡೆಗೆ ವಾಲುತ್ತದೆ.

ಕಾಂಟೂರ್ ಬಟನ್ ಬಗ್ಗೆ ಮಾತ್ರ ಒಂದು ಮಾತು. ಅದು ನಡುವಿನ ಸ್ವರಗಳನ್ನು ತಗ್ಗಿಸುತ್ತದೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಎಷ್ಟು ಚಂದ ಕೇಳುತ್ತದೆ ಅಂದರೆ, ಬಿಡಲು ಮನಸ್ಸೇ ಬರುವುದಿಲ್ಲ. ಬ್ಯಾಂಡ್ ಜೊತೆ ಅದೇ ಬಟನ್ ಒತ್ತಿ ನುಡಿಸಿದೆ. ಬೇಸ್ ಮಾಯವಾಯಿತು. ಕೆಳಗಿನ ಭಾಗವನ್ನು ಕಿಕ್ ಡ್ರಮ್ ತೆಗೆದುಕೊಳ್ಳುತ್ತದೆ, ಮೇಲಿನದನ್ನು ಸಿಂಬಲ್ ಮತ್ತು ಗಿಟಾರ್. ಬೇಸ್‌ಗೆ ಉಳಿಯುವ ಜಾಗ ನಡುವಿನದು, ಸುಮಾರು 200ರಿಂದ 800 ಹರ್ಟ್ಸ್. ಅದನ್ನೇ ಕತ್ತರಿಸಿದರೆ ಕೇಳುವುದಾದರೂ ಏನು, ಅಲ್ವಾ? ಬಟನ್ ಬಿಟ್ಟು, ಲೋ ಮಿಡ್ ಸ್ವಲ್ಪ ಏರಿಸಿ, ಬೇಸ್ ನಾಬ್ ಇಳಿಸಿದೆ. ವಾಲ್ಯೂಮ್ ಮುಟ್ಟದೆಯೇ ನನ್ನ ಸ್ವರ ವಾಪಸ್ ಬಂತು.

ಹಾಗಿದ್ದರೆ ರಂಬಲ್ 100 ಸಾಕಾ? ಮೆಲ್ಲಗೆ ನುಡಿಸುವ ಡ್ರಮ್ಮರ್ ಇದ್ದರೆ ಧಾರಾಳವಾಗಿ ಸಾಕು. ನಮ್ಮವರು ಹಾಗಲ್ಲ. ಕೊನೆಯ ಹಾಡುಗಳಲ್ಲಿ ಅವರಿಗೆ ಹುರುಪು ಬಂದಾಗ ಮಾಸ್ಟರ್ ವಾಲ್ಯೂಮ್ ಮುಕ್ಕಾಲು ದಾಟುತ್ತಿತ್ತು. ಅಲ್ಲಿಂದ ಮುಂದೆ ತಿರುಗಿಸಿದರೆ ಸದ್ದು ಜಾಸ್ತಿಯಾಗುವುದಕ್ಕಿಂತ ಒತ್ತಿಕೊಂಡಂತೆ ಆಗುತ್ತದೆ. ಇನ್ನೊಂದು ವಿಷಯ, ಇದರಲ್ಲಿ ಹೊರಗಿನ ಸ್ಪೀಕರ್ ಜೋಡಿಸುವ ಜ್ಯಾಕ್ ಇಲ್ಲ. 100 ವ್ಯಾಟ್ ಅಂದರೆ ಅಷ್ಟೇ, ಮುಂದೆ ಬೆಳೆಯುವ ದಾರಿಯಿಲ್ಲ. ಅದೇ ಸಾಲಿನ ರಂಬಲ್ 500ರಲ್ಲಿ ಆ ದಾರಿ ಇದೆ, 10 ಇಂಚಿನ ಎರಡು ಸ್ಪೀಕರ್‌ಗಳೂ ಇವೆ. ತೂಕ ಮಾತ್ರ 16 ಕಿಲೋ ದಾಟುತ್ತದೆ. ಎತ್ತಿ ನೋಡಿದೆ, ನನ್ನ ಸೊಂಟ ಬೇಡ ಎಂದಿತು.

ಎರಡನೆಯದು ಮಾರ್ಕ್‌ಬಾಸ್. ಹಳದಿ ಬಣ್ಣದ ಸ್ಪೀಕರ್ ನೋಡಿದರೆ ದೂರದಿಂದಲೇ ಗುರುತು ಸಿಗುತ್ತದೆ. ಇದರಲ್ಲೂ 12 ಇಂಚಿನ ಒಂದೇ ಸ್ಪೀಕರ್, ಜೊತೆಗೆ ಮೇಲಿನ ಸ್ವರಗಳಿಗೆ ಒಂದು ಪುಟ್ಟ ಪಿಯೆಜೋ ಟ್ವೀಟರ್. ತೂಕ 13 ಕಿಲೋ ಆಸುಪಾಸು. ಪವರ್ ತಾನೊಂದೇ ಇದ್ದಾಗ 300 ವ್ಯಾಟ್. ಹಿಂದೆ ಇನ್ನೊಂದು 8 ಓಮ್ ಸ್ಪೀಕರ್ ಪೆಟ್ಟಿಗೆ ಜೋಡಿಸಿದರೆ ವಿದ್ಯುತ್ ತಡೆ ಒಟ್ಟು 4 ಓಮ್‌ಗೆ ಇಳಿದು 500 ವ್ಯಾಟ್ ಸಿಗುತ್ತದೆ.

100 ವ್ಯಾಟ್ ಎಲ್ಲಿ, 300 ವ್ಯಾಟ್ ಎಲ್ಲಿ, ಮೂರು ಪಟ್ಟು ಸದ್ದು ಬರಬೇಕಲ್ಲ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಕಿವಿಯ ಲೆಕ್ಕ ಬೇರೆ. ಪವರ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಪವರ್ ಬೇಕು. 100ರಿಂದ 300ಕ್ಕೆ ಹೋದಾಗ ಸಿಗುವುದು 5 ಡೆಸಿಬೆಲ್‌ಗೂ ಸ್ವಲ್ಪ ಕಡಿಮೆ. ಸ್ಪೀಕರ್ ಎಷ್ಟು ದಕ್ಷ, ಪೆಟ್ಟಿಗೆ ಎಷ್ಟು ದೊಡ್ಡದು ಎಂಬುದೂ ವ್ಯಾಟ್‌ನಷ್ಟೇ ಲೆಕ್ಕಕ್ಕೆ ಬರುತ್ತದೆ. ಆದರೂ ಡ್ರಮ್ಸ್ ಪಕ್ಕದಲ್ಲಿ ಆ 5 ಡೆಸಿಬೆಲ್ ನನಗೆ ಚೆನ್ನಾಗಿ ಗೊತ್ತಾಯಿತು. ಜೋರು ಎನ್ನುವುದಕ್ಕಿಂತ ಸಲೀಸು ಎನ್ನಬೇಕು. ತಂತಿಯನ್ನು ಬಲವಾಗಿ ಮೀಟಿದಾಗ ಆ ಪೆಟ್ಟು ಪೂರ್ತಿಯಾಗಿ ಹೊರಗೆ ಬರುತ್ತದೆ, ಎಲ್ಲೂ ಉಸಿರು ಕಟ್ಟುವುದಿಲ್ಲ. ವಾಲ್ಯೂಮ್ ಅರ್ಧದ ಹತ್ತಿರ ಇಟ್ಟೇ ಪ್ರಾಕ್ಟೀಸ್ ಮುಗಿಯುತ್ತಿತ್ತು.

ಈ ಆಂಪ್‌ನ ಸ್ವಭಾವ ನೇರ. ಬೇಸ್‌ನಲ್ಲಿ ಏನಿದೆಯೋ ಅದನ್ನೇ ಹೇಳುತ್ತದೆ. ಹಳೆಯ ತಂತಿ ಹಾಕಿದ್ದರೆ ಹಳೆಯದಾಗಿಯೇ ಕೇಳುತ್ತದೆ. ರಂಬಲ್‌ನ ಬೆಚ್ಚನೆ ಸದ್ದಿಗೆ ಒಗ್ಗಿದ್ದ ನನಗೆ ಮೊದಲ ದಿನ ಸ್ವಲ್ಪ ಒಣ ಅನಿಸಿತು. ಮೂರನೇ ವಾರಕ್ಕೆ ಅದೇ ಗುಣ ಇಷ್ಟವಾಯಿತು, ಏಕೆಂದರೆ ನನ್ನ ಬೆರಳಿನ ತಪ್ಪುಗಳು ಸ್ಪಷ್ಟವಾಗಿ ಕೇಳಿ ತಿದ್ದಿಕೊಳ್ಳಲು ಸಾಧ್ಯವಾಯಿತು. ಈಕ್ಯು ಜೊತೆಗೆ ವಿಪಿಎಫ್, ವಿಎಲ್ಇ ಎಂಬ ಎರಡು ಫಿಲ್ಟರ್ ನಾಬ್‌ಗಳಿವೆ. ವಿಪಿಎಫ್ ಏರಿಸಿದಷ್ಟೂ 380 ಹರ್ಟ್ಸ್ ಸುತ್ತಲಿನ ಭಾಗ ತಗ್ಗುತ್ತದೆ. ಕಾಂಟೂರ್ ಬಟನ್‌ನಲ್ಲಿ ಕಲಿತ ಪಾಠ ಇಲ್ಲೂ ಹೊಂದುತ್ತದೆ, ಬ್ಯಾಂಡ್ ಜೊತೆ ನಾನು ಅದನ್ನು ಸೊನ್ನೆಯಲ್ಲೇ ಇಡುತ್ತೇನೆ. ವಿಎಲ್ಇ ಮಾತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅದು ಮೇಲಿನ ಚುರುಕನ್ನು ಮೆಲ್ಲಗೆ ಇಳಿಸುತ್ತದೆ. ಕಾಲು ಭಾಗ ತಿರುಗಿಸಿದರೆ ಸಾಕು, ಆ ಒಣತನ ಹೋಗುತ್ತದೆ. ನಾನು ಬಳಸಿದ್ದು ಸ್ವಲ್ಪ ಹಳೆಯ ಆಂಪ್, ಅದರಲ್ಲಿ ಹೆಡ್‌ಫೋನ್ ಜ್ಯಾಕ್ ಇರಲಿಲ್ಲ. ರಾತ್ರಿ ಮನೆಯಲ್ಲಿ ಅಭ್ಯಾಸ ಮಾಡುವವರು ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಡಬಲ್ ಫೋರ್ ಬೇರೆಯೇ ಜಾತಿ. 4 ಇಂಚಿನ ಎರಡು ಪುಟ್ಟ ಸ್ಪೀಕರ್‌ಗಳು, ಸುಮಾರು 70 ವ್ಯಾಟ್, ತೂಕ 6 ಕಿಲೋ ಆಸುಪಾಸು. ಊಟದ ಡಬ್ಬಿ ಹಿಡಿದ ಹಾಗೆ ಹಿಡಿದು ನಡೆಯಬಹುದು. ಬೇಸ್‌ನ ಅತಿ ಕೆಳಗಿನ ಇ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಅಂಗೈ ಅಗಲದ ಸ್ಪೀಕರ್ ಅದನ್ನು ಹೇಗೆ ನುಡಿಸುತ್ತದೆ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಸ್ವರದ ಜೊತೆಗೇ ಅದರ ಎರಡು ಪಟ್ಟು, ಮೂರು ಪಟ್ಟಿನ ಮೇಲ್ಸ್ವರಗಳೂ ಹೊರಡುತ್ತವೆ, 82, 123 ಹೀಗೆ. ಅವು ಸ್ಪಷ್ಟವಾಗಿ ಕೇಳಿದರೆ ಸಾಕು, ಕೆಳಗಿನದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಈ ಪುಟ್ಟ ಪೆಟ್ಟಿಗೆಯಲ್ಲಿ ಸ್ವರಗಳು ಎಷ್ಟು ಬಿಡಿಬಿಡಿಯಾಗಿ ಕೇಳುತ್ತವೆ ಎಂದರೆ, ಕಾರ್ಡ್ ನುಡಿಸಿದರೂ ಕಲಸಿಹೋಗುವುದಿಲ್ಲ. ಅಕೂಸ್ಟಿಕ್ ಗಿಟಾರ್, ಹಾಡು, ಕಹೋನ್ (ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ) ಇದ್ದ ಒಂದು ಚಿಕ್ಕ ಕಾರ್ಯಕ್ರಮಕ್ಕೆ ಇದನ್ನೇ ಒಯ್ದೆ. ಮೂರರಲ್ಲಿ ಅತ್ಯಂತ ಚಂದದ ಸದ್ದು ನನಗೆ ಕೇಳಿದ್ದು ಆ ಸಂಜೆಯೇ.

ಪೂರ್ತಿ ಡ್ರಮ್ಸ್ ಜೊತೆ ಅದು ನಡೆಯಲಿಲ್ಲ. ನಡೆಯಲಿ ಎಂದು ಕೇಳುವುದೂ ನ್ಯಾಯವಲ್ಲ. ಕೆಳಗಿನ ಸ್ವರಗಳಿಗೆ ಗಾಳಿ ತಳ್ಳಬೇಕು. ಅಷ್ಟು ಗಾಳಿ ತಳ್ಳಲು ಆ ಸ್ಪೀಕರ್‌ಗಳಿಗೆ ಅಗಲ ಸಾಲದು.

ಇಲ್ಲಿಗೆ ಬಂದಾಗ ನನಗೆ ಒಂದು ವಿಷಯ ಹೊಳೆಯಿತು. ಕಾರ್ಯಕ್ರಮದ ಜಾಗದಲ್ಲಿ ಪಿಎ, ಅಂದರೆ ಸಭೆಗೆ ಸದ್ದು ಕಳಿಸುವ ದೊಡ್ಡ ಸ್ಪೀಕರ್ ವ್ಯವಸ್ಥೆ ಇದ್ದರೆ, ಬೇಸ್‌ಗೂ ಅದರಲ್ಲಿ ಒಂದು ಚಾನೆಲ್ ಸಿಕ್ಕರೆ, ಕೇಳುವವರಿಗೆ ಸದ್ದು ಹೋಗುವುದು ಅಲ್ಲಿಂದ. ಆಂಪ್ ಕೇವಲ ನನ್ನ ಕಿವಿಗೆ. ಆಗ ರಂಬಲ್ 100ರ ಹಿಂದಿನ ಎಕ್ಸ್ಎಲ್ಆರ್ ಜ್ಯಾಕ್‌ನಿಂದ ಮಿಕ್ಸರ್‌ಗೆ ಒಂದು ಕೇಬಲ್ ಕೊಟ್ಟರೆ ಮುಗಿಯಿತು, 300 ವ್ಯಾಟ್ ಹೊರುವುದು ಸುಮ್ನೆ ಶ್ರಮ. ಪಿಎ ಹಾಡಿಗೆ ಮಾತ್ರ ಇದ್ದರೆ ಇಡೀ ಕೋಣೆಯನ್ನು ತುಂಬಬೇಕಾದದ್ದು ನನ್ನ ಆಂಪ್. ಆಗ ಮಾರ್ಕ್‌ಬಾಸ್‌ನ ಮೂರು ಕಿಲೋ ಹೆಚ್ಚಿನ ತೂಕಕ್ಕೆ ಅರ್ಥವಿದೆ. ಹಾಗಾಗಿ ಈಗ ಕಾರ್ಯಕ್ರಮ ಒಪ್ಪಿಕೊಳ್ಳುವಾಗ ನಾನು ಕೇಳುವ ಮೊದಲ ಪ್ರಶ್ನೆ, "ಬೇಸ್‌ಗೆ ಲೈನ್ ಕೊಡ್ತೀರಾ?"

ಹೀಗೆ ಮಿಕ್ಸರ್‌ಗೆ ಲೈನ್ ಕೊಡುವುದಾದರೆ, ಆ ಕೇಬಲ್‌ನ ಗ್ರೌಂಡ್ ಸಂಪರ್ಕ ಬಿಡಿಸುವ ಗ್ರೌಂಡ್ ಲಿಫ್ಟ್ ಬಟನ್ ಎಲ್ಲಿದೆ ಎಂದು ಮನೆಯಲ್ಲೇ ನೋಡಿಕೊಂಡು ಹೋಗಿ. ಒಂದು ಕಡೆ ಮಿಕ್ಸರ್‌ಗೆ ಕೇಬಲ್ ಹಾಕಿದ ಕೂಡಲೇ ಗುಂಯ್ ಎನ್ನುವ ಸದ್ದು ಶುರುವಾಯಿತು. ಹತ್ತು ನಿಮಿಷ ಕೇಬಲ್ ಬದಲಾಯಿಸಿ ಒದ್ದಾಡಿದೆವು. ಆ ಬಟನ್ ಒತ್ತಿದಾಗ ನಿಂತಿತು.

ಆಂಪ್ ಎಲ್ಲಿ ಇಡುತ್ತೀರಿ ಎಂಬುದೂ ಸಣ್ಣ ಮಾತಲ್ಲ. ನೆಲದ ಮೇಲೆ, ಗೋಡೆಗೆ ಹತ್ತಿರ ಇಟ್ಟರೆ ಕೆಳಗಿನ ಸ್ವರ ಗಟ್ಟಿಯಾಗುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಜಾಸ್ತಿ, ಕೆಲವೊಮ್ಮೆ ಬರೀ ಗುಡುಗು. ಕುರ್ಚಿಯ ಮೇಲೆ ಇಟ್ಟರೆ ಆ ಗಟ್ಟಿತನ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಸದ್ದು ಮೊಣಕಾಲಿಗೆ ಬಡಿಯುವ ಬದಲು ಕಿವಿಗೆ ಬರುತ್ತದೆ. ರಂಬಲ್ 100 ಅನ್ನು ಕುರ್ಚಿ ಮೇಲೆ ಏರಿಸಿದ ದಿನ ಮಾಸ್ಟರ್ ವಾಲ್ಯೂಮ್ ಅರ್ಧಕ್ಕೆ ಇಳಿಸಿಯೂ ನುಡಿಸಿದ್ದೇನೆ. ಮುಕ್ಕಾಲು ದಾಟುತ್ತಿದ್ದ ಅದೇ ಆಂಪ್, ಅದೇ ಡ್ರಮ್ಮರ್! ನಿಮ್ಮ ಆಂಪ್ ಸಾಲುತ್ತಿಲ್ಲ ಅನಿಸಿದರೆ ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ಒಮ್ಮೆ ಮಾಡಿ ನೋಡಿ.

ನಾನು ಉಳಿಸಿಕೊಂಡದ್ದು ಮಾರ್ಕ್‌ಬಾಸ್. ನಮ್ಮ ಕಾರ್ಯಕ್ರಮಗಳಲ್ಲಿ ಬೇಸ್‌ಗೆ ಲೈನ್ ಸಿಗುವುದು ಅಪರೂಪ, ಡ್ರಮ್ಮರ್ ಜೋರು. ಲೈನ್ ಯಾವಾಗಲೂ ಸಿಗುವವರಿಗೆ, ಅಥವಾ ಇದೇ ಮೊದಲ ಆಂಪ್ ಆದವರಿಗೆ ನಾನು ಹೇಳುವುದು ರಂಬಲ್ 100. ಡ್ರಮ್ಸ್ ಇಲ್ಲದ ಗುಂಪಿಗೆ ಡಬಲ್ ಫೋರ್. ಅದನ್ನು ಅದರ ಒಡೆಯರಿಗೆ ವಾಪಸ್ ಕೊಟ್ಟು ತಿಂಗಳುಗಳಾಗಿವೆ. ಅಕೂಸ್ಟಿಕ್ ಕಾರ್ಯಕ್ರಮ ಬಂದಾಗಲೆಲ್ಲ ಈಗಲೂ ಫೋನ್ ಮಾಡಿ ಕೇಳಿ ತರುತ್ತೇನೆ.