1947ರ ಮಾದರಿಯ ಜೀನ್ಸ್: ದಾವಣಗೆರೆಯಲ್ಲಿ ಆರು ವರ್ಷ ತೊಟ್ಟ ಮೇಲೆ

2019ರ ದೀಪಾವಳಿಗೆ ಸ್ವಲ್ಪ ಮೊದಲು ಜಪಾನಿನ ಓಕಾಯಾಮಾ ಪ್ರಾಂತ್ಯದ ಒಂದು ಸಣ್ಣ ಕಂಪನಿಯಿಂದ ತರಿಸಿಕೊಂಡ ಜೀನ್ಸ್ ಪ್ಯಾಂಟನ್ನು ನಾನು ಈಗಲೂ ವಾರದಲ್ಲಿ ನಾಲ್ಕು ದಿನ ತೊಡುತ್ತಿದ್ದೇನೆ. ಬೆಲೆ, ಸಾಗಣೆ, ಸುಂಕ ಎಲ್ಲ ಸೇರಿ ಅಂದಿಗೆ 24,000 ರೂಪಾಯಿ ತಗುಲಿತು. ಅಷ್ಟು ಹಣಕ್ಕೆ ನಮ್ಮೂರಿನ ಚೌಕಿಪೇಟೆಯಲ್ಲಿ ಇಡೀ ಮನೆಯವರಿಗೆ ಹಬ್ಬದ ಬಟ್ಟೆ ಬರುತ್ತದೆ ಎಂಬುದನ್ನು ಬಲ್ಲೆ. ಆದ್ದರಿಂದಲೇ ಈ ವಿಮರ್ಶೆಯನ್ನು ಮೊದಲ ತಿಂಗಳ ಉತ್ಸಾಹದಲ್ಲಿ ಬರೆಯದೆ, ಬಟ್ಟೆ ಸವೆದು, ಹರಿದು, ರಫೂ ಕಂಡು, ಮತ್ತೆ ಸವೆಯುವವರೆಗೆ ಕಾದಿದ್ದೇನೆ. ನನ್ನದು ಬಿತ್ತನೆ ಬೀಜದ ಏಜೆನ್ಸಿ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ಹಳ್ಳಿಗಳಿಗೆ ಬೈಕಿನಲ್ಲಿ ತಿರುಗುವುದು, ಗೋದಾಮಿನಲ್ಲಿ ಚೀಲ ಎತ್ತಿಡುವುದು, ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ರೈತರೊಡನೆ ಮಾತಾಡುವುದು ನಿತ್ಯದ ಕೆಲಸ. ಇವೆಲ್ಲವೂ ಆ ಪ್ಯಾಂಟಿನಲ್ಲೇ ನಡೆದಿವೆ.

ಇದು 1947ರ ಅಮೆರಿಕದ ಲೆವೀಸ್ ಜೀನ್ಸಿನ ಮರುಸೃಷ್ಟಿ. ಹಳೆಯ ಮಾದರಿಯ ಜೀನ್ಸಿನ ಹವ್ಯಾಸದವರಿಗೆ ಇಸವಿ ಹೇಳಿದರೆ ಸಾಕು, ಪ್ಯಾಂಟು ಕಣ್ಣಿಗೆ ಕಟ್ಟುತ್ತದೆ. ಆ ಕಂಪನಿಯ ಸ್ಥಾಪಕ ಲೆವಿ ಸ್ಟ್ರಾಸ್ ಮತ್ತು ದರ್ಜಿ ಜೇಕಬ್ ಡೇವಿಸ್ ಜೇಬಿನ ಮೂಲೆಗಳಿಗೆ ರಿವೆಟ್, ಅಂದರೆ ಲೋಹದ ಗುಂಡುಮೊಳೆ, ಹೊಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1873ರ ಮೇ 20ರಂದು. ಬೆಲ್ಟ್ ಹಾಯಿಸುವ ಪಟ್ಟಿಗಳು ಬಂದದ್ದು 1922ರಲ್ಲಿ, ಹಿಂಜೇಬಿನ ಕೆಂಪು ಚೀಟಿ 1936ರಲ್ಲಿ. ಕುರ್ಚಿಯನ್ನೂ ಕುದುರೆಯ ಜೀನನ್ನೂ ಗೀರುತ್ತವೆ ಎಂಬ ದೂರಿನಿಂದಾಗಿ ಹಿಂಜೇಬಿನ ರಿವೆಟ್‌ಗಳನ್ನು ಬಟ್ಟೆಯೊಳಗೆ ಅಡಗಿಸಿದ್ದು 1937ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಮತ್ತು ದಾರ ಉಳಿಸಲೆಂದು ಸೊಂಟದ ಹಿಂದಿನ ಬಿಗಿಪಟ್ಟಿಯನ್ನು ತೆಗೆದುಹಾಕಿ, ಹಿಂಜೇಬಿನ ಮೇಲಿನ ಕಮಾನಿನಾಕಾರದ ಗುರುತನ್ನು ಹೊಲಿಯುವ ಬದಲು ಬಣ್ಣದಲ್ಲಿ ಬಳಿದರು. 1947ರ ಮಾದರಿ ಈ ಕಡಿತಗಳೆಲ್ಲ ಮುಗಿದ ಮೇಲಿನದು: ಬಿಗಿಪಟ್ಟಿ ಮರಳಲಿಲ್ಲ, ಕಮಾನು ಎರಡು ಸೂಜಿಯ ಯಂತ್ರದ ಹೊಲಿಗೆಯಾಗಿ ಮರಳಿತು, ಕಾಲು ಸ್ವಲ್ಪ ಕಿರಿದಾಯಿತು. ನನ್ನ ಪ್ಯಾಂಟಿನಲ್ಲಿ ಆ ಅಡಗಿದ ರಿವೆಟ್‌ಗಳೂ ಇವೆ. ಆರು ವರ್ಷ ಸವೆದ ಮೇಲೆ ಹಿಂಜೇಬಿನ ಮೂಲೆಗಳಲ್ಲಿ ಅವು ಈಗ ಕಾಳಿನಂತೆ ಉಬ್ಬಿ ತಾಮ್ರದ ಬಣ್ಣ ತೋರಿಸತೊಡಗಿವೆ.

ಹಳೆಯ ಅಮೆರಿಕದ ಬಟ್ಟೆಯನ್ನು ಇಷ್ಟು ನಿಷ್ಠೆಯಿಂದ ಮತ್ತೆ ನೇಯ್ದವರು ಜಪಾನಿನವರು. 1979ರಲ್ಲಿ ಸ್ಟುಡಿಯೋ ದಾರ್ಟಿಸಾನ್, 1991ರಲ್ಲಿ ಎವಿಸು, 1992ರಲ್ಲಿ ಫುಲ್‌ಕೌಂಟ್, 1995ರಲ್ಲಿ ವೇರ್‌ಹೌಸ್ ಹೀಗೆ ಒಸಾಕಾ ಸುತ್ತಿನ ಸಣ್ಣ ಕಂಪನಿಗಳು ಹಳೆಯ ಪ್ಯಾಂಟುಗಳನ್ನು ಬಿಚ್ಚಿ, ನೂಲಿನ ದಪ್ಪದಿಂದ ಹಿಡಿದು ಗುಂಡಿಯವರೆಗೆ ಎಲ್ಲವನ್ನೂ ಅಭ್ಯಾಸ ಮಾಡಿದವು. ಇತ್ತ ಅಮೆರಿಕದಲ್ಲಿ, ಇದೇ ಬಟ್ಟೆಯನ್ನು 1905ರಿಂದ ನೇಯುತ್ತಿದ್ದ ಗ್ರೀನ್ಸ್‌ಬರೋದ ವೈಟ್ ಓಕ್ ಗಿರಣಿ 2017ರ ಕೊನೆಯಲ್ಲಿ ಬಾಗಿಲು ಮುಚ್ಚಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರಿನವರಿಗೆ ಗಿರಣಿ ಮುಚ್ಚುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿ ದುಡಿದವರು. ಪಾರ್ಸೆಲ್ ಬಂದ ದಿನ ಬೆಲೆ ಕೇಳಿ ಮುಖ ಗಂಟಿಕ್ಕಿದರು. ಆದರೆ ಬಟ್ಟೆ ಕೈಗೆ ಬಂದ ಮೇಲೆ ಬೇರೆ ಮಾತಾಡಲಿಲ್ಲ. ಕಾಲಿನ ತುದಿಯನ್ನು ಒಳಮಗ್ಗುಲಾಗಿ ಮಡಚಿ, ಪಕ್ಕದ ಹೊಲಿಗೆಯ ಎರಡೂ ಕಡೆ ಕಾಣುವ, ಕೆಂಪು ನೂಲೊಂದು ಓಡಿದ ಬಿಳಿಯ ಅಂಚಿನ ಮೇಲೆ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಎಳೆದರು. "ಲಾಳಿ ಮಗ್ಗದ್ದು. ಹೊಕ್ಕು ಎಲ್ಲೂ ಕಡಿದಿಲ್ಲ, ಅಂಚಿನಾಗ ತಿರುಗಿ ಒಳಗೇ ಹೋಗೈತಿ ನೋಡು" ಎಂದರು. ಹೊಕ್ಕು ಎಂದರೆ ಲಾಳಿ ಅಡ್ಡಡ್ಡಲಾಗಿ ಎಳೆಯುವ ನೂಲು. ಜಗತ್ತಿನ ಡೆನಿಮ್ (ಜೀನ್ಸಿನ ಬಟ್ಟೆ) ಪ್ರಿಯರು ಹಣ ಕೊಡುವುದು ಬಹುಮಟ್ಟಿಗೆ ಈ ಅಂಚಿಗೇ. ಸೀರೆಯ ಅಂಚನ್ನು ಬಲ್ಲ ನಮಗೆ ಅದು ಹೊಸ ವಿಷಯವಲ್ಲ. ಲಾಳಿ ಇಲ್ಲದ ಅಗಲ ಮಗ್ಗಗಳು ವೇಗವಾಗಿ ನೇಯುತ್ತವೆ, ಆದರೆ ಪ್ರತಿ ಹೊಕ್ಕನ್ನೂ ತುದಿಯಲ್ಲಿ ಕತ್ತರಿಸಿಬಿಡುತ್ತವೆ; ಹಳೆಯ ಲಾಳಿ ಮಗ್ಗದ ಬಟ್ಟೆ ಸುಮಾರು 30 ಅಂಗುಲ ಅಗಲವಷ್ಟೇ ಇದ್ದು ನಿಧಾನವಾಗಿ ಇಳಿಯುತ್ತದೆಯಾದ್ದರಿಂದ ಮೈ ಏರುಪೇರಾಗಿ, ಮುಟ್ಟಿದರೆ ತರಿತರಿಯಾಗಿ ಸಿಗುತ್ತದೆ. ಅಂಚಿನಿಂದ ಪ್ಯಾಂಟು ಗಟ್ಟಿಯಾಗುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಆರು ವರ್ಷದಲ್ಲಿ ನನ್ನ ಪ್ಯಾಂಟು ಹರಿದಿದ್ದು ಅಂಚಿಗೆ ಸಂಬಂಧವೇ ಇಲ್ಲದ ಜಾಗಗಳಲ್ಲಿ.

ಬಟ್ಟೆ ಚದರ ಗಜಕ್ಕೆ 14 ಔನ್ಸಿನದು, ಎಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. ಅದು ಮಗ್ಗದಿಂದ ಇಳಿದ ಹಾಗೆಯೇ, ಕುಗ್ಗಿಸದೆ ಹೊಲಿದ ಬಟ್ಟೆ. ಉದ್ದಕ್ಕೆ ಹಾಯುವ ಹಾಸು ನೂಲಿಗೆ ಹಾಕಿದ ಗಂಜಿ ಹಾಗೆಯೇ ಇರುತ್ತದೆ; ಮೊದಲ ದಿನ ನೆಲದ ಮೇಲೆ ನಿಲ್ಲಿಸಿದರೆ ಪ್ಯಾಂಟು ತಾನೇ ನಿಂತಿತ್ತು. ಚಳ್ಳಕೆರೆ ಕಡೆಯ ಹೊಸ ಕಂಬಳಿಗೆ ಹುಣಸೆ ಬೀಜದ ಅಂಬಲಿ ಹಾಕಿದಾಗ ಇರುವ ಬಿರುಸೇ ಅದು. ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಗಂಜಿ ಬಿಡಿಸಿದ ಮೇಲೆ, 35 ಅಂಗುಲವಿದ್ದ ಸೊಂಟ 33ಕ್ಕೆ, 36 ಅಂಗುಲವಿದ್ದ ಒಳಗಾಲು 33ಕ್ಕೆ ಇಳಿಯಿತು. ಸೊಂಟ ತೊಡುತ್ತಾ ಒಂದೂವರೆ ಅಂಗುಲ ಮತ್ತೆ ಬಿಟ್ಟಿತು, ಉದ್ದ ಮರಳಲಿಲ್ಲ. ನೆನೆಸುವ ಮೊದಲೇ ಕಾಲನ್ನು ಕತ್ತರಿಸಬೇಡಿ ಎಂದು ಹೇಳುವುದಕ್ಕೆ ಇದೇ ಕಾರಣ.

ಇನ್ನು ಬಣ್ಣದ ವಿಚಾರ. ಡೆನಿಮ್‌ನಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ಹಾಸಿನ ಎಳೆ ಮೂರು ಹೊಕ್ಕುಗಳ ಮೇಲೆ ಹಾಯ್ದು ಒಂದರ ಕೆಳಗೆ ನುಸುಳುವುದರಿಂದ ಹೊರಮೈ ನೀಲಿಯಾಗಿಯೂ ಒಳಮೈ ಬೆಳ್ಳಗೂ ಕಾಣುತ್ತದೆ. ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ತೊಟ್ಟಿಯಲ್ಲಿ ಅದನ್ನು ಹಳದಿ ಹಸಿರಿನ ಕರಗುವ ರೂಪಕ್ಕೆ ಇಳಿಸಿ, ಹಗ್ಗದಂತೆ ಹೊಸೆದ ನೂಲಿನ ಕಟ್ಟನ್ನು ಅದರಲ್ಲಿ ಅದ್ದಿ ಗಾಳಿಗೆ ಎತ್ತುತ್ತಾರೆ. ಗಾಳಿ ತಾಗಿದೊಡನೆ ಅದು ನೀಲಿಗೆ ತಿರುಗುತ್ತದೆ. ಹೀಗೆ ಹಲವು ಸಲ ಅದ್ದಿದರೂ ಬಣ್ಣ ನೂಲಿನ ಹೊರಪದರದಲ್ಲೇ ನಿಲ್ಲುತ್ತದೆ, ತಿರುಳು ಬೆಳ್ಳಗೇ ಉಳಿಯುತ್ತದೆ. ಉಜ್ಜಿದಲ್ಲೆಲ್ಲ ಹೊರಪದರ ಉದುರಿ ಆ ಬಿಳಿ ಹೊರಬೀಳುವುದನ್ನೇ ನಾವು ಮಾಸುವುದು ಎನ್ನುತ್ತೇವೆ. ಜಪಾನಿನವರು ತೊಡೆಯ ಸಂದಿನ ಬಿಳಿ ಗೆರೆಗಳಿಗೆ ಮೀಸೆಯೆಂದೂ ಮೊಣಕಾಲ ಹಿಂದಿನ ಜಾಲಕ್ಕೆ ಜೇನುಗೂಡೆಂದೂ ಹೆಸರಿಟ್ಟಿದ್ದಾರೆ. ಬಟ್ಟೆಯನ್ನು ನೋಡಿದ ಯಾರೂ ಆ ಹೆಸರುಗಳನ್ನು ಅಲ್ಲಗಳೆಯಲಾರರು.

ನನ್ನ ಪ್ಯಾಂಟಿನ ಮೀಸೆ ಸಾಧಾರಣ, ಆದರೆ ಜೇನುಗೂಡು ಆಳವಾಗಿದೆ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂರುವವನ ಮೊಣಕಾಲು ಕುರ್ಚಿಯಲ್ಲಿ ಕೂರುವವನದಕ್ಕಿಂತ ಹೆಚ್ಚು ಮಡಚುತ್ತದೆ. ಎರಡೂ ತೊಡೆಗಳ ಒಳಬದಿ ಬೈಕಿನ ಟ್ಯಾಂಕಿಗೆ ಉಜ್ಜಿ, ಹಲವು ನೀರು ಕಂಡ ಲುಂಗಿಯ ಹಾಗೆ ತಿಳಿಯಾಗಿದೆ. ಚೀಲವನ್ನು ಆನಿಸಿಕೊಂಡು ಎತ್ತುವ ಬಲದೊಡೆ ಎಡದ್ದಕ್ಕಿಂತ ಒಂದು ವರ್ಷ ಮುಂದಿದೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ಗುರುತು ಬಲ ಹಿಂಜೇಬಿನ ಮೇಲಿದೆ: ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುವ ಕಬ್ಬಿಣದ ಕೊಳವೆಯನ್ನು ಕೊಯ್ಲಿನ ದಿನಗಳಲ್ಲಿ ಅಲ್ಲೇ ಸಿಕ್ಕಿಸಿಕೊಳ್ಳುವುದರಿಂದ, ಕಿರುಬೆರಳಿನಷ್ಟು ದಪ್ಪದ ಬಿಳಿ ಗೆರೆಯೊಂದು ಜೇಬಿನ ತಳದಿಂದ ಬಾಯಿಯವರೆಗೆ ಮೂಡಿ, ಅದರ ಎರಡೂ ಬದಿಗೆ ಹಳೆಯ ಗಾಢ ನೀಲಿ ಹಾಗೆಯೇ ಉಳಿದಿದೆ. ಕಾರ್ಖಾನೆಯಲ್ಲಿ ಮರಳುಕಾಗದ, ರಾಸಾಯನಿಕಗಳಿಂದ ಮಾಸಿಸಿ ಮಾರುವ ಪ್ಯಾಂಟುಗಳಲ್ಲಿ ಇಂಥದ್ದು ಸಿಗುವುದಿಲ್ಲ.

ಈಗ ಒಗೆಯುವ ವಿಷಯಕ್ಕೆ ಬರುತ್ತೇನೆ. ಇಡೀ ವಿಮರ್ಶೆಯಲ್ಲಿ ಇದೊಂದನ್ನು ಓದಿದರೂ ಸಾಕು. ಗಾಢವಾದ ಗುರುತು ಬರಬೇಕಾದರೆ ಆರು ತಿಂಗಳಾದರೂ ನೀರು ತಾಗಿಸಬಾರದು ಎಂಬುದು ಈ ಹವ್ಯಾಸದವರಲ್ಲಿ ಬಹುಕಾಲದಿಂದ ನಡೆದುಬಂದ ಉಪದೇಶ. ತಣ್ಣನೆಯ ಊರುಗಳಲ್ಲಿ ಅದು ನಡೆದೀತು. ನಾನು ಅದನ್ನು ಅಕ್ಷರಶಃ ಪಾಲಿಸಿ, ನವೆಂಬರಿನಿಂದ ಏಪ್ರಿಲ್‌ವರೆಗೆ ಒಗೆಯದೆ ತೊಟ್ಟೆ. ಬಯಲುಸೀಮೆಯ ಬಿಸಿಲಿನಲ್ಲಿ ದಿನಕ್ಕೆ ನೂರು ಕಿಲೋಮೀಟರ್ ಬೈಕ್ ಓಡಿಸುವವನ ಬೆವರೆಲ್ಲ ತೊಡೆಸಂದಿನಲ್ಲಿ ಒಣಗಿ ಉಪ್ಪಾಗಿ ಕೂತಿತ್ತು. ಅದರ ಮೇಲೆ ಕೆಮ್ಮಣ್ಣಿನ ಧೂಳು. ಧೂಳಿನ ಕಣ ನೂಲಿನ ನಡುವೆ ಸೇರಿದರೆ ಪ್ರತಿ ಹೆಜ್ಜೆಗೂ ಅರದಂತೆ ತಿನ್ನುತ್ತದೆ. ಮೇ ತಿಂಗಳ ಮೊದಲ ವಾರ ಬೈಕ್ ಹತ್ತುವಾಗ ಸಂದಿನಲ್ಲಿ ಪರ್ ಎಂದು ಸದ್ದಾಯಿತು. ಹರಿದದ್ದು ಹೊಲಿಗೆಯಲ್ಲ, ಬಟ್ಟೆಯೇ ಪಿಸಿದಿತ್ತು. ಗುರುತುಗಳು ನಿಜಕ್ಕೂ ಚೆನ್ನಾಗಿ ಬಂದಿದ್ದವು, ಆದರೆ ಅವನ್ನು ಹೊರಬೇಕಾದ ಬಟ್ಟೆಯೇ ಸೋತಿತ್ತು. ಅಂದಿನಿಂದ ಬೇಸಿಗೆಯಲ್ಲಿ ಹತ್ತು ಹನ್ನೆರಡು ಸಲ ತೊಟ್ಟ ಮೇಲೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಒಗೆಯುತ್ತಿದ್ದೇನೆ. ಒಗೆದರೆ ಗುರುತು ಅಳಿಸುತ್ತದೆ ಎಂಬುದು ಸುಳ್ಳು. ಗೆರೆಗಳ ಅಂಚು ಸ್ವಲ್ಪ ಮೃದುವಾಗುತ್ತದೆ, ಹಳೆಯ ದುಡಿಮೆಗಾರರ ಜೀನ್ಸಿನಂತೆ ಉದ್ದುದ್ದ ಎಳೆಗಳಾಗಿ ಮಾಸುತ್ತದೆ, ನನ್ನ ಕಣ್ಣಿಗೆ ಅದೇ ಹೆಚ್ಚು ಚೆಲುವು.

ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸೋಪು ನೊರೆ ಕಟ್ಟದೆ ಜಿಗುಟಾಗಿ ಬಟ್ಟೆಯ ಮೇಲೆ ಕೂತು, ಒಣಗಿದಾಗ ನೀಲಿಯ ಮೇಲೆ ಬೂದು ತೆರೆ ಎಳೆದಂತಾಗುತ್ತದೆ. ಹೊಳಪು ಕೊಡುವ ಪುಡಿಗಳು ಇನ್ನೂ ಕೆಡಿಸುತ್ತವೆ. ಎರಡು ಸಲ ಹೀಗಾದ ಮೇಲೆ ತಾಯಿ ತಮ್ಮ ಮೊಳಕಾಲ್ಮುರು ಸೀರೆಗೆ ಬಳಸುವ ಅಂಟುವಾಳದ ಕಾಯಿಯನ್ನೇ ಕೊಟ್ಟರು. ರಾತ್ರಿ ಹತ್ತು ಹನ್ನೆರಡು ಕಾಯಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿ, ನಲ್ಲಿಯ ನೀರು ಬಂದ ದಿನ ಪ್ಯಾಂಟನ್ನು ಒಳಮಗ್ಗುಲು ಮಾಡಿ ಅದರಲ್ಲಿ ಅರ್ಧ ಗಂಟೆ ಬಿಟ್ಟು, ಕೈಯಿಂದ ಹಿಸುಕಿ, ಎರಡು ನೀರಿನಲ್ಲಿ ಜಾಲಿಸುತ್ತೇನೆ. ಒಗೆಯುವ ಕಲ್ಲಿಗೆ ಬಡಿಯುವುದಿಲ್ಲ. ಬಿಸಿಲು ನೀಲಿಯನ್ನು ಸುಡುವುದರಿಂದ ನೆರಳಿನಲ್ಲಿ, ಕಾಲಿನ ತುದಿ ಮೇಲಾಗಿ ತೂಗುಹಾಕುತ್ತೇನೆ. ಬಿಳಿ ಪಂಚೆಯ ಜೊತೆ ನೆನೆಸಿದರೆ ಮೊದಲ ವರ್ಷವಂತೂ ಮನೆಯಲ್ಲಿ ಜಗಳ ಖಂಡಿತ.

ಹೊಲಿಗೆಯ ಬಗ್ಗೆ ನನ್ನ ಅಸಮಾಧಾನವಿದೆ. ಹಳೆಯದಕ್ಕೆ ನಿಷ್ಠರಾಗಿರಲೆಂದು ಈ ಕಂಪನಿಯವರು ಅಪ್ಪಟ ಹತ್ತಿಯ ದಾರ ಬಳಸುತ್ತಾರೆ. ನೀರು ಕಂಡಾಗ ಅದು ಕುಗ್ಗಿ ಹೊಲಿಗೆಯುದ್ದಕ್ಕೂ ಸುಂದರವಾದ ಸುಕ್ಕು ಮೂಡಿಸುತ್ತದೆ ನಿಜ, ಆದರೆ ಬೆವರಿಗೆ ಬೇಗ ಸಾಯುತ್ತದೆ. ಮೂರನೇ ವರ್ಷ ಹಿಂಭಾಗದ ಹೊಲಿಗೆ ಒಂದು ಗೇಣು ಬಿಚ್ಚಿಕೊಂಡಿತು. ಒಳಗೆ ಪಾಲಿಯೆಸ್ಟರ್ ತಿರುಳಿರುವ ದಾರವಾಗಿದ್ದರೆ ತಡೆಯುತ್ತಿತ್ತು. ಬಲಗಾಲಿನ ಪಕ್ಕದ ಹೊಲಿಗೆ ಮೊದಲ ಒಗೆತಕ್ಕೇ ತಿರುಚಿ ಮುಂದೆ ಬಂದದ್ದು ಮಾತ್ರ ದೋಷವಲ್ಲ. ಓರೆ ನೇಯ್ಗೆಯ ಬಟ್ಟೆಯನ್ನು ಮೊದಲೇ ಎಳೆದು ಸರಿಪಡಿಸದಿದ್ದರೆ ಹಾಗಾಗುವುದು ಸಹಜ. ಕಾಲಿನ ಮಡಿಕೆಯ ವಿಷಯದಲ್ಲಿ ತಪ್ಪು ನನ್ನದೇ. ಹಳೆಯ ಯೂನಿಯನ್ ಸ್ಪೆಷಲ್ ಎಂಬ ಹೊಲಿಗೆ ಯಂತ್ರದ ಸರಪಳಿ ಹೊಲಿಗೆ ಬಟ್ಟೆಯನ್ನು ಸ್ವಲ್ಪ ಓರೆಯಾಗಿ ಎಳೆಯುವುದರಿಂದ ಮಡಿಕೆಯ ಮೇಲೆ ಹಗ್ಗ ಹೊಸೆದಂಥ ಗುರುತು ಬೀಳುತ್ತದೆ. ಅದನ್ನು ಅರಿಯದೆ ನಾನು ಒಂದು ಅಂಗುಲ ಕತ್ತರಿಸಿ ಮಾಮೂಲಿ ಹೊಲಿಗೆ ಹಾಕಿಸಿದೆ. ಮಡಿಕೆ ಇಂದಿಗೂ ಸಪಾಟಾಗಿಯೇ ಮಾಸುತ್ತಿದೆ.

2022ರಲ್ಲಿ ಯುದ್ಧಕಾಲದ ಮಾದರಿಯ ಇನ್ನೊಂದು ಪ್ಯಾಂಟು ತಂದೆ. ಅದರ ಬಣ್ಣ ಬಳಿದ ಕಮಾನು ಕೆಲವೇ ಒಗೆತದಲ್ಲಿ ಉದುರಿಹೋಯಿತು, ಹಾಗೆ ಉದುರಬೇಕಾದದ್ದೂ ಹೌದು. ಕಾಲು ಬಹಳ ಅಗಲ. ಬೈಕಿನವರಿಗೆ ಶಿಫಾರಸು ಮಾಡಲಾರೆ. ಅಹಮದಾಬಾದಿನ ಅರವಿಂದ್ ಗಿರಣಿಯ ಅಂಚುಳ್ಳ ಡೆನಿಮ್‌ನಲ್ಲಿ ಬೆಂಗಳೂರಿನಲ್ಲಿ ಹೊಲಿದ 5,500 ರೂಪಾಯಿಯ ಪ್ಯಾಂಟನ್ನೂ ಎರಡು ವರ್ಷದಿಂದ ತೊಡುತ್ತಿದ್ದೇನೆ. ಮೊದಲೇ ಕುಗ್ಗಿಸಿದ ಬಟ್ಟೆಯಾದ್ದರಿಂದ ಅಳತೆಯ ಚಿಂತೆಯಿಲ್ಲ, ಹಗುರ, ನಮ್ಮ ಸೆಕೆಗೆ ಹೆಚ್ಚು ಒಗ್ಗುತ್ತದೆ. ಮಾಸುವಾಗ ಅದು ಸಮನಾಗಿ ತಿಳಿಯಾಗುತ್ತದೆ. ಜಪಾನಿನದರಲ್ಲಿ ಏರುಪೇರಿನ ನೂಲಿನಿಂದಾಗಿ ಮೂಡುವ, ಮಳೆ ಸುರಿದಂಥ ಉದ್ದನೆಯ ಗೆರೆಗಳು ಅದರಲ್ಲಿಲ್ಲ. ಆ ಗೆರೆಗಳಿಗಾಗಿ ನಾಲ್ಕು ಪಟ್ಟು ಹಣ ಕೊಡಬಹುದೇ ಎಂದು ಕೇಳಿದರೆ, ನಾನು ಕೊಟ್ಟಿದ್ದೇನೆ, ಮತ್ತೆಯೂ ಕೊಡುತ್ತೇನೆ. ಆದರೆ ಮೊದಲ ಸಲ ಕೊಳ್ಳುವವರು ಇಲ್ಲಿನದನ್ನು ಒಂದು ಬೇಸಿಗೆ ಪೂರ್ತಿ ತೊಟ್ಟು, 14 ಔನ್ಸಿನ ಬಟ್ಟೆ ಮೈಗೆ ಸಹಿಸುತ್ತದೆಯೇ ಎಂದು ಯೋಚಿಸಿ ನಂತರ ಮುಂದುವರಿಯಲಿ. ಕುಗ್ಗಿಸದ ಬಟ್ಟೆ ತರಿಸುವವರು ಚೀಟಿಯ ಅಂಕಿ ನಂಬದೆ, ಕಂಪನಿಯವರು ಕೊಡುವ ನೆನೆಸಿದ ನಂತರದ ಅಳತೆಯನ್ನೇ ಕೇಳಿ ಪಡೆಯಬೇಕು.

ತೊಡೆಸಂದಿನ ಹರಕನ್ನು ಮಂಡಿಪೇಟೆಯ ಹತ್ತಿರ ಕೂರುವ ರಫೂ ಮಾಡುವ ಹಿರಿಯರೊಬ್ಬರು 150 ರೂಪಾಯಿಗೆ ಕೂಡಿಸಿಕೊಟ್ಟಿದ್ದರು. ಉಳಿದ ಮಡಿಕೆಯೊಳಗಿಂದಲೇ ನೀಲಿ ಎಳೆಗಳನ್ನು ಬಿಡಿಸಿ, ಹಾಸಿನ ದಿಕ್ಕಿಗೆ ಹಾಸು, ಹೊಕ್ಕಿನ ದಿಕ್ಕಿಗೆ ಹೊಕ್ಕು ಎಂದು ಸೂಜಿಯಲ್ಲೇ ನೇಯ್ದ ಆ ಜಾಗ ಐದು ವರ್ಷದಿಂದ ಬಿಚ್ಚಿಲ್ಲ, ಸುತ್ತಲಿನ ಬಟ್ಟೆಯ ಜೊತೆಯಲ್ಲೇ ಮಾಸಿದೆ. ಈಗ ಬಲ ಮೊಣಕಾಲಿನ ಮೇಲೆ ನೀಲಿ ಹಾಸು ಪೂರ್ತಿ ಸವೆದು, ಬಿಳಿ ಹೊಕ್ಕಿನ ಎಳೆಗಳಷ್ಟೇ ಏಣಿಯ ಮೆಟ್ಟಿಲಿನಂತೆ ಉಳಿದಿವೆ. ನಿನ್ನೆ ಅವರಿಗೇ ಕೊಟ್ಟು ಬಂದೆ. ಶನಿವಾರ ಬಾ ಎಂದಿದ್ದಾರೆ.